ಅಡಿಕೆ ರೇಟು ಮೊದಲೇ ಹೇಳುವ ನಮ್ಮ ಸೆಂಟರ್ ಬೆಳೆದದ್ದು ಹೀಗೆ
"ಅಡಿಕೆ ರೇಟು ದೇವರಿಗೂ ಗೊತ್ತಿಲ್ಲ ಮಾರ್ರೆ, ನಿಮ್ಮ ಕಂಪ್ಯೂಟರಿಗೆ ಎಂತ ಗೊತ್ತು?" ಅಂತ ಮಂಗಳೂರು ಬಂದರಿನ ವ್ಯಾಪಾರಿಗಳು ಕೇಳ್ತಿದ್ರು. ಈಗ ಅವರಲ್ಲೇ ಕೆಲವರು ದುಡ್ಡು ಕೊಟ್ಟು ನಮ್ಮ ರೇಟಿನ ಅಂದಾಜಿನ ಶೀಟ್ ತಗೊಳ್ತಾರೆ, ಅದಕ್ಕೇ ಇದನ್ನು ಬರೆಯುವುದು.

ಶುರು ಮಾಡಿದ್ದು ಹಂಪನಕಟ್ಟೆಯ ಒಂದು ಬಾಡಿಗೆ ರೂಮಿನಲ್ಲಿ. ಬಾಡಿಗೆ ಐದಾರು ಸಾವಿರ, ಡಾಟಾ ಎಂಟ್ರಿಗೆ ಅದರ ಡಬಲ್ ಹೋಗ್ತಿತ್ತು, ಯಾಕಂದ್ರೆ ಹಳೆ ಪೇಪರ್ ನೋಡಿ ಹೊಸ ಅಡಿಕೆ, ಹಳೆ ಅಡಿಕೆ, ಇನ್ನೂ ಹಳತಾದ ಡಬಲ್ ಚೋಲ್ ಎಲ್ಲ ಬೇರೆ ಬೇರೆ ಹಾಕ್ಬೇಕು, ಒಂದು ಕಡೆ ಕ್ವಿಂಟಾಲ್ ರೇಟು ಇನ್ನೊಂದು ಕಡೆ ಕೆಜಿದ್ದು, ಮೇಲಿಂದ ಹೊಸ ಅಡಿಕೆ ಹಳತರ ಲೆಕ್ಕಕ್ಕೆ ಹೋಗುವ ಹೊತ್ತಿಗೆ ರೇಟಿನ ಸಾಲೇ ಒಮ್ಮೆಲೇ ಹಾರ್ತದೆ. ಗ್ರಾಂಟ್ ಕೊಡ್ತೇವೆ ಅಂದ ಒಂದು ಸಂಸ್ಥೆ ಓಡಾಡಿಸಿದ್ದೇ ಬಂತು, ಕೈಯಿಂದಲೇ ಮೂರು ಲಕ್ಷದ ಹತ್ತಿರ ಹೋಯ್ತು.

ಹಳೆ ರೇಟುಗಳ ನಡೆ ನೋಡಿ ಮುಂದಿನದ್ದು ಹೇಳುವ ಅರಿಮಾ (ARIMA) ಅನ್ನುವ ಲೆಕ್ಕದ ಮಾಡೆಲ್ ಹಾಕಿದೆವು. 2016 ನವೆಂಬರಲ್ಲಿ ನೋಟ್ ಬ್ಯಾನ್ ಆದಾಗ ಕ್ಯಾಶಿಲ್ಲದೆ ಖರೀದಿ ತಣ್ಣಗಾಯ್ತು, ಮಾಡೆಲ್ ಅದರ ಪಾಡಿಗೆ ಸೀಸನ್ ಲೆಕ್ಕ ಹೇಳ್ತಾ ಇತ್ತು. ಸಬ್‌ಸ್ಕ್ರೈಬರ್ಸ್ ಅರ್ಧಕ್ಕರ್ಧ ಬಿಟ್ರು.

ನಮ್ಮನ್ನು ನಿಲ್ಲಿಸಿದ್ದು ಸ್ಕೋರ್ ಪುಸ್ತಕ. ಅಮೆರಿಕದ ಆಲ್ಫ್ರೆಡ್ ಕೌಲ್ಸ್, 1932ರಲ್ಲಿ ಕೌಲ್ಸ್ ಕಮಿಷನ್ ಅನ್ನುವ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ ಕಟ್ಟಿದವ, ಮರುವರ್ಷ ಶೇರ್ ಮಾರ್ಕೆಟ್ ಭವಿಷ್ಯ ಹೇಳುವವರ ಮಾತನ್ನೆಲ್ಲ ಒಟ್ಟು ಮಾಡಿ, ಎಷ್ಟು ನಿಜ ಆಯ್ತು ಅಂತ ಲೆಕ್ಕ ಹಾಕಿದ್ದ. ನಾವೂ ಹಾಗೇ: ಪ್ರತಿ ಸೋಮವಾರ ಮಾಡೆಲಿಂದು, ನಾಲ್ಕೈದು ದಲಾಲಿಗಳದ್ದು, "ಹೋದ ವಾರದ ರೇಟೇ ಈ ವಾರವೂ" ಅನ್ನುವುದು, ಮೂರನ್ನೂ ಪೆನ್ನಲ್ಲೇ ಬರೆದಿಡುವುದು. ಮೊದಲ ವರ್ಷ ಮೂರನೆಯದ್ದೇ ಹೆಚ್ಚು ಸಲ ಗೆದ್ದದ್ದು! ಆಮೇಲೆ ಅರಿಮಾ ಬದಿಗಿಟ್ಟು ಇತ್ತೀಚಿನ ರೇಟಿಗೆ ಹೆಚ್ಚು ತೂಕ ಕೊಟ್ಟು ಸೀಸನ್ನೂ ನೋಡುವ ಹೋಲ್ಟ್-ವಿಂಟರ್ಸ್ ಲೆಕ್ಕ ಹಾಕಿ, ದಲಾಲಿಗಳ ಅಂದಾಜು ಸೇರಿಸಿ ಸರಾಸರಿ ತೆಗೆದೆವು. ಯಾರ ಮಾತಿಗೆ ಎಷ್ಟು ತೂಕ ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಅನ್ನ ಅದರಲ್ಲೇ ಉಂಟು. ಅಡಿಕೆ ಆಮದಿನ ಕನಿಷ್ಠ ಬೆಲೆಯನ್ನು ಸರ್ಕಾರ 2017ರಲ್ಲಿ ಕೆಜಿಗೆ 251, 2023ರಲ್ಲಿ 351 ರೂಪಾಯಿ ಮಾಡಿದ್ರಲ್ಲ, ಅಂಥದ್ದನ್ನು ಕೈಯಲ್ಲೇ ತಿದ್ದುವುದು.

ನಡುವೆ ದಕ್ಕೆಯ (ಮೀನಿನ ಬೋಟು ಬರುವ ಜಾಗ) ಬಂಗುಡೆ ಮೀನಿನ ರೇಟಿಗೂ ಕೈ ಹಾಕಿದೆವು. ಜೂನ್-ಜುಲೈ ಮೀನುಗಾರಿಕೆ ಬ್ಯಾನ್ ಲೆಕ್ಕಕ್ಕೆ ಸಿಗ್ತದೆ, ಆದ್ರೆ ಬೆಳಿಗ್ಗೆ ನಾಲ್ಕು ಬೋಟು ಜಾಸ್ತಿ ಬಂದ್ರೆ ಮಧ್ಯಾಹ್ನಕ್ಕೆ ರೇಟೇ ಬೇರೆ. ಬಿಟ್ಟೆವು.

2020ರ ಲಾಕ್‌ಡೌನಲ್ಲಿ ಮಾರ್ಕೆಟ್ ಬಂದ್, ಎಲ್ಲರೂ ರೇಟು ಬೀಳ್ತದೆ ಅಂದ್ರು. ಗಡಿ ಬಂದ್ ಆದ್ರೆ ಹೊರಗಿನ ಮಾಲು ಬರುವುದಿಲ್ಲ, ಏರ್ತದೆ ಅಂತ ನಾವು ಬರೆದೆವು. ಏರಿತು. ಆ ವರ್ಷವೇ ಮೊದಲ ಸಲ ಖರ್ಚು ಕಳೆದು ಕೈಯಲ್ಲಿ ಉಳಿದದ್ದು, ಇನ್ನೂ ಇಬ್ಬರನ್ನು ಕೆಲಸಕ್ಕೆ ತಗೊಂಡೆವು. ಈಗ ಕರಿಮೆಣಸು ಶುರು ಮಾಡಿದ್ದೇವೆ, ಪುಸ್ತಕದಲ್ಲಿ ಒಂದು ಪೂರ್ತಿ ಸೀಸನ್ ಗೆಲ್ಲದೆ ಆ ಶೀಟ್ ಹೊರಗೆ ಕೊಡುವುದಿಲ್ಲ.