ಆಪರೇಷನ್ ಭಯವೇ? ಅರಿವಳಿಕೆ ಡಾಕ್ಟರ ಹತ್ತಿರ ಹೀಗೆ ಹೇಳಿ

ನಮ್ಮ ಚಿಕ್ಕಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಮಂಡ್ಯದಿಂದ ಬಂದು ಮೈಸೂರಿನಲ್ಲಿ ಹಿಂದಿನ ದಿನವೇ ಅಡ್ಮಿಟ್ ಆದರು. ರಾತ್ರಿ ನರ್ಸ್ ಕೊಟ್ಟ ಮಾತ್ರೆ ನುಂಗಿದರು. ನಿದ್ದೆ ಹತ್ತಲಿಲ್ಲ. ಪಕ್ಕದ ಮನೆಯವರು ಕೊಟ್ಟಿದ್ದ ನಿದ್ದೆ ಮಾತ್ರೆ ಬ್ಯಾಗಿನಲ್ಲಿತ್ತು, ಅದನ್ನೂ ನುಂಗಿಬಿಟ್ಟರು. ಬೆಳಿಗ್ಗೆ ಎಬ್ಬಿಸಿದರೆ ಮಾತು ತೊದಲುತ್ತಿತ್ತು. ನ್ಯೂಸ್ ಪೇಪರಿನ ಚೂರಿನಲ್ಲಿ ಸುತ್ತಿದ್ದ ಖಾಲಿ ಸ್ಟ್ರಿಪ್ ದಿಂಬಿನ ಕೆಳಗೆ ಸಿಕ್ಕಿತು. ಆಪರೇಷನ್ ಎರಡು ದಿನ ಮುಂದಕ್ಕೆ ಹೋಯಿತು. ಭಯ ಆಗ್ತಿದೆ ಅಂತ ಅವರು ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮೊದಲು: ಅರಿವಳಿಕೆ ತಪಾಸಣೆಗೆ ಹೋಗುವಾಗ ಹಳೆಯ ರಿಪೋರ್ಟು, ದಿನಾ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ಒಂದೇ ಕವರಿನಲ್ಲಿ ಹಾಕಿಕೊಳ್ಳಿ. ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಯಾವುದು ನಿಲ್ಲಿಸಬೇಕು, ಯಾವುದು ಬೇಡ ಅಂತ ಬರೆಸಿಕೊಳ್ಳಿ.

ಆಮೇಲೆ, ಬಾಯಿ ಬಿಟ್ಟು ಹೇಳುವುದು. ಎಲ್ಲರೂ ಎಡವುವುದು ಇಲ್ಲೇ. ಡಾಕ್ಟರು ಕೇಳಿದರೆ "ಸ್ವಲ್ಪ ಟೆನ್ಷನ್ ಸಾರ್" ಅಂದು ಸುಮ್ಮನಾಗುತ್ತೇವೆ. ಯಾವುದರ ಭಯ ಅಂತ ಬಿಡಿಸಿ ಹೇಳಿ. ಸೂಜಿಯ ಭಯವೇ? ಚರ್ಮ ಮರಗಟ್ಟಿಸುವ ಮುಲಾಮು ಇದೆ, ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ, ಕಿವಿ ಕೇಳಿಸುತ್ತಲೇ ಇರುತ್ತದೆ. ಮಂಡಿ ಆಪರೇಷನ್ನಿನ ಡ್ರಿಲ್ ಸದ್ದಿಗೇ ಬೆವರುವವರಿದ್ದಾರೆ. ಅಂಥವರು ಜೊತೆಗೆ ಸ್ವಲ್ಪ ಮತ್ತಿನ ಔಷಧಿ ಕೊಡಲು ಆಗುತ್ತದೆಯೇ ಅಂತ ಮೊದಲೇ ಕೇಳಬೇಕು.

ಎರಡನೇ ಸಲ ಚಿಕ್ಕಮ್ಮ ಕೇಳಿಯೇಬಿಟ್ಟರು, "ಎಚ್ಚರಾನೇ ಆಗ್ದೆ ಹೋದ್ರೆ?" ಡಾಕ್ಟರು ಸ್ಟೂಲ್ ಎಳೆದು ಕೂತರು. ಆಪರೇಷನ್ ಮುಗಿಯುವ ತನಕ ಅರಿವಳಿಕೆಯವರು ತಲೆಯ ಹತ್ತಿರವೇ ಇದ್ದು ಉಸಿರು, ಬಿಪಿ, ಎದೆಬಡಿತ ನೋಡುತ್ತಿರುತ್ತಾರೆ ಅಂತ ನಿಧಾನವಾಗಿ ಹೇಳಿದರು. ಸೆರಗಿನ ತುದಿಯನ್ನು ತಿರುಚುತ್ತಿದ್ದ ಚಿಕ್ಕಮ್ಮನ ಬೆರಳು ನಿಂತಿತು.

ಮತ್ತಿನ ಔಷಧಿ ಎಲ್ಲರಿಗೂ ಬೇಕಿಲ್ಲ. ಬೇಕಾದವರಿಗೆ ಹಿಂದಿನ ರಾತ್ರಿ ಆಲ್ಪ್ರಜೋಲಮ್‌ನಂಥ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಕೊಡುವುದುಂಟು. ಥಿಯೇಟರ್ ಹತ್ತಿರ ನರಕ್ಕೆ ಮಿಡಾಜೋಲಮ್ ಕೊಟ್ಟರೆ ಕೆಲವೇ ನಿಮಿಷದಲ್ಲಿ ಮೈ ಹಗುರಾಗುತ್ತದೆ. ಆಮೇಲೆ ನಡೆದದ್ದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ವಯಸ್ಸಾದವರಿಗೆ ಇದರಿಂದ ಗಲಿಬಿಲಿ ಆಗಬಹುದು. ಜೋರಾಗಿ ಗೊರಕೆ ಹೊಡೆಯುವವರಿಗೆ ಉಸಿರು ಕಟ್ಟಬಹುದು. ಡಾಕ್ಟರು ಬೇಡ ಅಂದರೆ ಹಟ ಮಾಡಬೇಡಿ.

ಕುಡಿತ, ಬೀಡಿ, ಕಡ್ಡಿಪುಡಿ ಯಾವುದನ್ನೂ ಮುಚ್ಚಿಡಬೇಡಿ. ಸೊಸೆ ಎದುರಿಗೆ ನಿಂತಿದ್ದರೆ ಮಾವ ನಿಜ ಹೇಳುವುದಿಲ್ಲ, ಆ ಐದು ನಿಮಿಷ ನೆಂಟರು ಹೊರಗೆ ನಿಲ್ಲಲಿ. ದಿನಾ ಕುಡಿಯುವವರಿಗೆ ಮತ್ತಿನ ಔಷಧಿಯ ಲೆಕ್ಕವೇ ಬೇರೆ. ಆಸ್ಪತ್ರೆಯಲ್ಲಿ ಕುಡಿತ ಏಕಾಏಕಿ ನಿಂತರೆ ಎರಡು ಮೂರು ದಿನದಲ್ಲಿ ಕೈನಡುಕ, ಭ್ರಮೆ ಶುರುವಾಗಬಹುದು. ದಿನಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರೂ ಹೇಳಲೇಬೇಕು. ಅಶ್ವಗಂಧದ ಪುಡಿ ತಿನ್ನುತ್ತಿದ್ದರೆ ಅದನ್ನೂ ಹೇಳಿ. ಆನ್‌ಲೈನಿನಲ್ಲಿ ಮಾರುವ ನಿದ್ದೆ ಗಮ್ಮಿ, ಟೆನ್ಷನ್ ಡ್ರಾಪ್ಸ್ ಖಂಡಿತ ಬೇಡ. ಗುರುತಿನ ಮೆಡಿಕಲ್ ಸ್ಟೋರಿನವರು ಚೀಟಿ ಇಲ್ಲದೆ ಮಾತ್ರೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಹೊಟ್ಟೆ ಖಾಲಿ. ಅರಿವಳಿಕೆಗೆ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು ಅನ್ನುವ ಸಾಮಾನ್ಯ ಲೆಕ್ಕ ಇಷ್ಟು: ಹಗುರ ಊಟಕ್ಕೆ 6 ಗಂಟೆ, ಕರಿದದ್ದು, ಬಾಡೂಟಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ. ನಿಮ್ಮ ಚೀಟಿಯಲ್ಲಿ ಬರೆದದ್ದೇ ಕೊನೆ. ಬೆಳಗಿನ ಜಾವ 5ಕ್ಕೆ ಫ್ಲಾಸ್ಕ್ ತೆಗೆದು "ಒಂದ್ ಲೋಟ ಕಾಫಿ ಕುಡುದ್ರೆ ಏನಾಯ್ತದೆ?" ಅನ್ನುವವರು ವಾರ್ಡಿಗೊಬ್ಬರು ಇರುತ್ತಾರೆ. ಹಾಲು ಹಾಕಿದ ಕಾಫಿ ಊಟದ ಲೆಕ್ಕಕ್ಕೇ ಸೇರುತ್ತದೆ. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಾಗಂತ ರಾತ್ರಿಯಿಂದಲೇ ನೀರು ಬಿಟ್ಟು ಒಣಗಬೇಡಿ. ಎಷ್ಟು ಗಂಟೆ ತನಕ ನೀರು ಕುಡಿಯಬಹುದು ಅಂತ ನರ್ಸನ್ನು ಕೇಳಿ. ಬಾಯಿ ಒಣಗಿ ತಲೆ ನೋಯುತ್ತಿದ್ದರೆ ಭಯ ಇನ್ನೂ ಜಾಸ್ತಿಯಾಗುತ್ತದೆ.

ಬೆಳಿಗ್ಗೆ: ಕಟ್ಟಿಸಿದ ಹಲ್ಲು, ಉಂಗುರ, ಉಗುರುಬಣ್ಣ ತೆಗೆಯಿರಿ.

ಕಾಯುವ ಹೊತ್ತಿನಲ್ಲಿ ಜೊತೆಗೆ ಒಬ್ಬರೇ ಇರಲಿ, ಮಾತು ಕಡಿಮೆ ಆಡುವವರು. "ನಮ್ಮತ್ತೆಗೂ ಹಿಂಗೇ ಆಗಿ..." ಅಂತ ಶುರು ಮಾಡುವವರನ್ನು ಕ್ಯಾಂಟೀನಿಗೆ ಕಳಿಸಿ. ಫೋನಿನಲ್ಲಿ ಆಪರೇಷನ್ ವಿಡಿಯೋ ನೋಡುವುದು ಬೇಡವೇ ಬೇಡ. ಇಷ್ಟದ ಹಾಡು ಕೇಳಿದರೆ ಭಯ ನಿಜವಾಗಿಯೂ ತಗ್ಗುತ್ತದೆ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಂಡು, ಆರು ಎಣಿಸುತ್ತಾ ಬಿಡಿ. ಥಿಯೇಟರಿನಲ್ಲಿ ಚಳಿ ಇರುತ್ತದೆ, ಹೊದಿಕೆ ಕೇಳಿ.

ಮನೆಗೆ ಹೋಗುವಾಗ: ಅವತ್ತೇ ಡಿಸ್ಚಾರ್ಜ್ ಆದರೂ 24 ಗಂಟೆ ಗಾಡಿ ಓಡಿಸಬೇಡಿ, ಜಮೀನಿನ ಪತ್ರಕ್ಕೆ, ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ಔಷಧಿಯ ಮತ್ತು ಇನ್ನೂ ಪೂರ್ತಿ ಇಳಿಯದವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಂಡ್ಯಕ್ಕೆ ಹೊರಡುವವರನ್ನು ಕಣ್ಣಾರೆ ನೋಡಿದ್ದೇನೆ. ತೂಕಡಿಸಿ ಕೈ ಸಡಿಲವಾದರೆ ಬೀಳುವುದು ಹೈವೇ ಮೇಲೆ. ಕಾರು ಸಿಗದಿದ್ದರೆ ಆ ರಾತ್ರಿ ಮೈಸೂರಿನಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ.