ಹಗಲು ಹೊತ್ತಿನ ಸ್ವೋರ್ಡ್‌ಫಿಶ್: ಫ್ಲೋರಿಡಾ ಕೀಸ್‌ನ ದಿನಪೂರ್ತಿ ಚಾರ್ಟರ್‌ನಲ್ಲಿ ನಾನು ಮಾಡುವ ಕ್ರಮ

ಸ್ವೋರ್ಡ್‌ಫಿಶ್ ಎಂಬ ಕತ್ತಿಮೂತಿಯ ಮೀನು ರಾತ್ರಿ ಮೇಲಕ್ಕೆ ಬಂದು ಬೇಟೆಯಾಡುತ್ತದೆ. ಬೆಳಕು ಹರಿದರೆ ಸ್ಕ್ವಿಡ್ ಮತ್ತು ಸಣ್ಣ ಮೀನುಗಳ ಹಿಂಡಿನ ಬೆನ್ನು ಹತ್ತಿ ತಳಕ್ಕೆ ಇಳಿದುಬಿಡುತ್ತದೆ. ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಸಾಲಿನ ಇಸ್ಲಾಮೊರಾಡಾ ಊರಿನ ಹೊರಗಡೆ ನಾವು ಎರೆ ಇಳಿಸುವ ತಳ 1,500ರಿಂದ 1,900 ಅಡಿ ಆಳದಲ್ಲಿದೆ. ಅಲ್ಲಿ ಬೆಳಕು ಇಲ್ಲವೆನ್ನುವಷ್ಟು ಕಡಿಮೆ, ನೀರೂ ತಣ್ಣಗೆ. ಆದರೆ ಈ ಮೀನಿನ ಕಣ್ಣಿನ ಸ್ನಾಯುವಿನ ಒಂದು ಭಾಗ ಶಾಖ ಹುಟ್ಟಿಸಿ ಕಣ್ಣು ಮತ್ತು ಮಿದುಳನ್ನು ಸುತ್ತಲಿನ ನೀರಿಗಿಂತ 10–15 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇಡುವುದರಿಂದ ಅದಕ್ಕೆ ಎರೆ ಚೆನ್ನಾಗಿಯೇ ಕಾಣುತ್ತದೆ. ಈ ಭಾಗದಲ್ಲಿ ಹಿಂದೆ ಹವ್ಯಾಸಿಗಳು ರಾತ್ರಿಯೇ ಗಾಳ ಹಾಕುತ್ತಿದ್ದರು. ಹಗಲಿನ ವಿಧಾನವನ್ನು 2000ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಪಳಗಿಸಿದವರಲ್ಲಿ ಇಸ್ಲಾಮೊರಾಡಾದ ರಿಚರ್ಡ್ ಸ್ಟ್ಯಾನ್‌ಚಿಕ್, ವಿಕ್ ಗ್ಯಾಸ್ಪೆನಿ ಮುಖ್ಯರು.

ತೋಳ್ಬಲದ ಮಾತು ಇಲ್ಲಿ ಕಡೆಗೆ ಬರುತ್ತದೆ. ಎರೆ ಹೇಗೆ ಕಟ್ಟಿದೆ, ಹೇಗೆ ಇಳಿಯಿತು ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಬರಿಗೈಯಲ್ಲಿ ಮರಳುವ ದಿನಗಳಲ್ಲಿ ಅನೇಕ ಸಲ ಮೀನು ಇಲ್ಲದೆ ಇರುವುದಿಲ್ಲ, ಎರೆ ನೆಟ್ಟಗೆ ಇಳಿದಿರುವುದಿಲ್ಲ.

ಚಾರ್ಟರ್ (ಬಾಡಿಗೆ ಬೋಟ್) ಬುಕ್ ಮಾಡುವಾಗ ನಾನು ಮೂರು ವಿಷಯ ಕೇಳುತ್ತೇನೆ. ದಾರ ಸುತ್ತುವ ರೀಲ್ ಎಲೆಕ್ಟ್ರಿಕ್ಕೋ ಕೈಯಲ್ಲಿ ಸುತ್ತುವುದೋ? ಮೀನು ಗ್ರಾಹಕರದ್ದೋ ಬೋಟಿನದ್ದೋ? ಗಾಳಿ ಕೆಟ್ಟರೆ ದಿನ ಬದಲಿಸುತ್ತಾರೋ? ಕೊನೆಯದನ್ನು ಹಲವರು ಕೇಳುವುದೇ ಇಲ್ಲ. ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ಇಲ್ಲಿ ಪೂರ್ವ–ಈಶಾನ್ಯಕ್ಕೆ ಹರಿಯುತ್ತದೆ, ಈಶಾನ್ಯದ ಗಾಳಿ ಅದಕ್ಕೆ ಎದುರಾದರೆ ಅಲೆಗಳು ಕಡಿದಾಗಿ ಏಳುತ್ತವೆ. ಅಂಥ ದಿನ ಕೋಲಿನ ತುದಿ ಓದುವುದಕ್ಕೇ ಆಗುವುದಿಲ್ಲ, ಹೋಗದಿರುವುದೇ ಲಾಭ. ಇನ್ನು ರೀಲ್: ಎಲೆಕ್ಟ್ರಿಕ್ ಬಳಸಿದರೆ ಅಂತರರಾಷ್ಟ್ರೀಯ ಗಾಳದ ಸಂಸ್ಥೆ ಐಜಿಎಫ್ಎಯ ದಾಖಲೆಗೆ ಮೀನು ಲೆಕ್ಕಕ್ಕಿಲ್ಲ. ಆದರೆ ಎರೆ ಹೇಗಿದೆ ಎಂದು ನೋಡಲು ಪ್ರತಿ ಸಲವೂ 10 ಪೌಂಡ್ ಸೀಸವನ್ನು 1,700 ಅಡಿ ಕೈಯಲ್ಲಿ ಎಳೆಯುವವರು, ಮಧ್ಯಾಹ್ನದ ಹೊತ್ತಿಗೆ ನೋಡುವುದನ್ನೇ ಬಿಟ್ಟಿರುತ್ತಾರೆ. ಮೊದಲ ಸಲದವರಿಗೆ ಎಲೆಕ್ಟ್ರಿಕ್ ಸಾಕು.

ಕಟ್ಟುವ ಕ್ರಮ ಹೀಗೆ. ರೀಲ್‌ನಲ್ಲಿ 65 ಅಥವಾ 80 ಪೌಂಡ್ ಎಳೆತ ತಡೆಯುವ ಹೆಣೆದ ಬ್ರೇಡ್ ದಾರ, ಕಡಿಮೆಯೆಂದರೂ 3,000 ಅಡಿ. ಅದರ ತುದಿಗೆ 100ರಿಂದ 150 ಅಡಿ ಉದ್ದದ, 200 ಪೌಂಡ್ ಆಸುಪಾಸಿನ ಮಾನೊಫಿಲಮೆಂಟ್ (ಒಂಟಿ ಎಳೆಯ) ಲೀಡರ್, ಅಂದರೆ ಗಾಳದ ಕಡೆಯ ದಪ್ಪ ದಾರ. ಇದು ಕೋಲಿನ ಮೇಲಿನ ಬಳೆಗಳಾದ ಗೈಡ್‌ಗಳ ಮೂಲಕ ರೀಲ್‌ವರೆಗೂ ಸುತ್ತಿಕೊಳ್ಳುವಂತಿರಬೇಕು. ಲೀಡರ್‌ನ ಮೇಲ್ತುದಿಯಲ್ಲಿ ಸೀಸ ಸಿಕ್ಕಿಸಲು ಒಂದು ಕುಣಿಕೆ, ಎರೆಯಿಂದ 10–15 ಅಡಿ ಮೇಲೆ ಮಿನುಗುವ ಎಲ್‌ಇಡಿ ದೀಪಕ್ಕೆ ಇನ್ನೊಂದು. ಸೀಸ 8ರಿಂದ 12 ಪೌಂಡ್, ಹರಿವು ಜೋರಿದ್ದರೆ ಹೆಚ್ಚು. ಗಾಳ 10/0 ಅಳತೆಯ ಜೆ ಆಕಾರದ್ದು. ಸೀಸಕ್ಕೂ ಎರೆಗೂ ಇಷ್ಟು ಅಂತರ ಏಕೆಂದರೆ, ಬೋಟ್ ಅಲೆಯಲ್ಲಿ ಎದ್ದುಬಿದ್ದಾಗ ಸೀಸ ಕುಪ್ಪಳಿಸುತ್ತದೆ, ಆ ಎಳೆತ ಎರೆಗೆ ತಟ್ಟಬಾರದು.

ಎರೆಯ ಕೆಲಸ ಬಂದರಿನಲ್ಲೇ ಮುಗಿದಿರಬೇಕು. ಸ್ಕ್ವಿಡ್, ನಮ್ಮ ಕರಾವಳಿಯ ಬೊಂಡಾಸ್, ಎಲ್ಲರಿಗೂ ಸುಲಭ. ನನಗೆ ನಂಬಿಕೆ ಜಾಸ್ತಿ ಬೊನಿಟೊ ಮೀನಿನ ಹೊಟ್ಟೆಯ ಪಟ್ಟಿಯ ಮೇಲೆ, ಏಕೆಂದರೆ ಅದರ ಚರ್ಮ ಗಟ್ಟಿ. ಸ್ವೋರ್ಡ್‌ಫಿಶ್ ಒಮ್ಮೊಮ್ಮೆ ಮೊದಲು ಮೂತಿಯ ಕತ್ತಿಯಿಂದ ಹೊಡೆದು, ಆಮೇಲೆ ತಿರುಗಿ ಬಂದು ತಿನ್ನುತ್ತದೆ. ಆ ಏಟಿಗೆ ಮೆತ್ತನೆಯ ಎರೆ ಹರಿದು ಹೋದರೆ ಎರಡನೇ ಅವಕಾಶವಿಲ್ಲ. ಹೊಟ್ಟೆಯ ಪಟ್ಟಿಯನ್ನು ಗೇಣುದ್ದ ಕತ್ತರಿಸಿ, ಒಳಗಿನ ಮಾಂಸವನ್ನು ಕಾಲಿಂಚು ದಪ್ಪಕ್ಕೆ ಸವರಿ, ಬಾಲದ ಕಡೆಗೆ ಬೆಂಡೆಕಾಯಿಯ ಹಾಗೆ ಚೂಪಾಗಿಸುತ್ತೇನೆ. ಗಾಳದ ಕಾಂಡವನ್ನು ಒಳಗಿಟ್ಟು ಪಟ್ಟಿಯನ್ನು ಮಡಿಸಿ, ಮೇಣ ಹಚ್ಚಿದ ದಾರದಿಂದ ಒತ್ತೊತ್ತಾಗಿ ಹೊಲಿಯುವುದು. ಗಾಳದ ಬಾಗು, ಮೊನೆ ಎರಡೂ ಪೂರ್ತಿ ಹೊರಗೇ ಇರಬೇಕು. ಮೇಲೊಂದು ಪ್ಲಾಸ್ಟಿಕ್ ಸ್ಕರ್ಟ್ (ಕುಚ್ಚಿನಂಥ ಹೊದಿಕೆ) ಹಾಕಿದರೆ ಇಳಿಯುವಾಗ ತಲೆಯ ಕಡೆಯ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ.

ಹೊಲಿದದ್ದನ್ನು ಬೋಟಿನ ಪಕ್ಕದಲ್ಲಿ ಎಳೆದು ನೋಡದೆ ಇಳಿಸಬೇಡಿ. ನೆಟ್ಟಗೆ ಈಜಬೇಕು. ಒಂದೇ ಒಂದು ಸುತ್ತು ತಿರುಗಿದರೂ ಬಿಚ್ಚಿ ಮತ್ತೆ ಹೊಲಿಯಿರಿ. ಮೇಲೆ ನಿಧಾನಕ್ಕೆ ತಿರುಗುವ ಎರೆ 1,700 ಅಡಿ ಇಳಿಯುವಷ್ಟರಲ್ಲಿ ಲೀಡರ್ ಅನ್ನು ಹಗ್ಗ ಹೊಸೆದ ಹಾಗೆ ಹೊಸೆದು ದೀಪಕ್ಕೆ ಸುತ್ತಿಕೊಂಡಿರುತ್ತದೆ. ಮೇಲಿನವರಿಗೆ ಅದು ಗೊತ್ತಾಗುವುದು ಮುಕ್ಕಾಲು ಗಂಟೆಯ ನಂತರ, ವಾಪಸ್ ಎತ್ತಿದಾಗ.

ಬಂದರಿನಿಂದ ಆ ಜಾಗಕ್ಕೆ 25–30 ಮೈಲಿ ಓಟ. ಕ್ಯಾಪ್ಟನ್ ತಳದ ಏರಿಳಿತ ನೋಡಿ, ಹರಿವಿನ ವೇಗ ಲೆಕ್ಕ ಹಾಕಿ, ಎರೆ ಬೀಳಬೇಕಾದ ಜಾಗಕ್ಕಿಂತ ಸಾಕಷ್ಟು ಮೊದಲೇ ಶುರು ಮಾಡುತ್ತಾನೆ. ಎರೆ ಮೊದಲು, ಹಿಂದೆ ದೀಪ, ಆಮೇಲೆ ಇಡೀ ಲೀಡರ್, ಕೊನೆಗೆ ಸೀಸ. ಇಷ್ಟೂ ಹೊತ್ತು ಬೋಟ್ ಮುಂದಕ್ಕೆ ಚಲಿಸುತ್ತಿರಬೇಕು. ನಿಂತ ಬೋಟಿನಿಂದ ಸೀಸ ಬಿಟ್ಟರೆ ಅದು ಎರೆಯನ್ನು ಹಿಂದಿಕ್ಕಿ, ಲೀಡರ್ ತನ್ನ ಮೇಲೇ ಕುಸಿದು ಗೋಜಲಾಗುತ್ತದೆ. ದಾರ ಬಿಡುವಾಗ ಸ್ಪೂಲ್ (ದಾರದ ಸುರುಳಿ) ಮೇಲೆ ಸಣ್ಣ ಒತ್ತಡ ಇದ್ದೇ ಇರಲಿ. ಸಾಕಷ್ಟು ದಾರ ಹೋದ ಮೇಲೆ ಬೋಟ್ ತಿರುಗಿಸಿ ಮೂತಿಯನ್ನು ಹರಿವಿಗೆ ಎದುರು ಹಿಡಿಯುತ್ತಾರೆ. ಓರೆಯಾಗಿದ್ದ ದಾರ ನಿಧಾನವಾಗಿ ನೆಟ್ಟಗಾಗುತ್ತದೆ.

ಇಲ್ಲಿ ನಾನು ನೋಡುವುದು ಎರಡು ಅಂಕಿ: ಆಳ ಅಳೆಯುವ ಸೌಂಡರ್‌ನಲ್ಲಿ ಆಳ, ರೀಲ್‌ನಲ್ಲಿ ಹೊರಹೋದ ದಾರ. ಆಳ 1,700 ಅಡಿ, ದಾರ 1,800 ಇದ್ದರೆ ಸರಿ. ದಾರ 2,300 ಆಗಿದ್ದರೆ ನಡುವೆ ದೊಡ್ಡ ಹೊಟ್ಟೆ ಬಿದ್ದಿದೆ ಎಂದೇ ಅರ್ಥ. ಮೀನು ಕಚ್ಚಿದರೂ ಆ ಸುದ್ದಿ ಮೇಲೆ ಬರುವುದಿಲ್ಲ. ಹಾಗಾದಾಗ ಎಂಜಿನ್ ಇನ್ನಷ್ಟು ಕೊಟ್ಟು ನೆಟ್ಟಗಾಗಿಸಬೇಕು, ಆಗದಿದ್ದರೆ ಎತ್ತಿ ಮತ್ತೆ ಇಳಿಸಬೇಕು. ಸೀಸ ತಳ ಮುಟ್ಟಿದ ಕೂಡಲೇ ಕೋಲಿನ ತುದಿ ಸಡಿಲಗೊಂಡು ಮೇಲೇಳುತ್ತದೆ. ತಡಮಾಡದೆ 50ರಿಂದ 100 ಅಡಿ ಎತ್ತಿಬಿಡಿ. ತಳದಲ್ಲಿ ಎಳೆದಾಡಿದ ಸೀಸ ಕಲ್ಲಿಗೆ ಸಿಕ್ಕಿದರೆ ಎಲ್ಲವೂ ಹೋಯಿತು.

ಇನ್ನು ಕಾಯುವುದು. ಬೋಟಿನಲ್ಲಿ ಒಬ್ಬರ ಕಣ್ಣು ಸದಾ ಕೋಲಿನ ತುದಿಯ ಮೇಲೆ ಇರಲೇಬೇಕು. ಅಲೆಗೆ ತುದಿ ಬಗ್ಗುತ್ತದೆ, ಏಳುತ್ತದೆ, ಅದಕ್ಕೊಂದು ತಾಳವಿದೆ. ಆ ತಾಳ ತಪ್ಪಿ ಒಂದು ಸಣ್ಣ ಮಿಡಿತ ಬಂದರೆ ಅದೇ ಕಚ್ಚು. 200 ಪೌಂಡಿನ ಮೀನಿನ ಸುಳಿವೂ ಅಷ್ಟೇ ಸಣ್ಣದು, ನಂಬುವುದು ಕಷ್ಟ. ಮಿಡಿದೂ ಸಿಕ್ಕಿಕೊಳ್ಳದಿದ್ದರೆ 30 ಅಡಿ ಬಿಟ್ಟು, ಸ್ವಲ್ಪ ತಡೆದು, ನಿಧಾನವಾಗಿ ಎತ್ತಿ ಆಸೆ ಹುಟ್ಟಿಸುತ್ತೇನೆ. ಇನ್ನೊಂದು ಬಗೆಯ ಕಚ್ಚು ಇದೆ: ಬಗ್ಗಿದ್ದ ಕೋಲು ಇದ್ದಕ್ಕಿದ್ದಂತೆ ನೆಟ್ಟಗಾಗಿ ದಾರ ಸಡಿಲವಾಗುತ್ತದೆ. ದಾರ ಕಡಿಯಿತು ಎಂದುಕೊಂಡು ಸುಮ್ಮನೆ ನಿಂತರೆ ಕೆಟ್ಟಿರಿ. ಮೀನು ಸೀಸವನ್ನೂ ಹೊತ್ತು ಮೇಲೆ ಬರುತ್ತಿದೆ, ರೀಲ್ ಪೂರ್ತಿ ವೇಗದಲ್ಲಿ ಓಡಲಿ. ಏನೂ ಇಲ್ಲದಿದ್ದರೆ ಮುಕ್ಕಾಲು ಗಂಟೆಗೊಮ್ಮೆ ಎತ್ತಿ ಎರೆ ನೋಡುವುದು. ಹೀಗೆ ದಿನಕ್ಕೆ ಐದಾರು ಡ್ರಾಪ್ ಆದರೆ ಹೆಚ್ಚು.

ಈ ಮೀನಿನ ಬಾಯಿ ಮೆತ್ತಗೆ. ಡ್ರ್ಯಾಗ್ (ರೀಲಿನ ತಡೆ) ಬಿಗಿ ಮಾಡಿದಷ್ಟೂ ಗಾಳದ ತೂತು ಅಗಲವಾಗುತ್ತದೆ, ಕ್ಷಣ ಸಡಿಲ ಬಿಟ್ಟರೂ ಕಳಚುತ್ತದೆ. 15–20 ಪೌಂಡ್ ಸಾಕು. ಸೀಸ ಮೇಲೆ ಬಂದಾಗ ಅದನ್ನು ಬಿಚ್ಚುವವನು ಒಬ್ಬನೇ ಇರಲಿ, ಉಳಿದವರು ದೂರ ನಿಲ್ಲಿ. ಆಗಲೇ ಮೀನು ಎಳೆದರೆ 10 ಪೌಂಡ್ ಸೀಸ ಮುಖದ ಎತ್ತರದಲ್ಲಿ ಬೀಸುತ್ತದೆ. ಲೀಡರ್ ಹಿಡಿಯುವವರು ಕೈಗೆ ಬಿಗಿಯಾಗಿ ಸುತ್ತಿಕೊಳ್ಳಬಾರದು. ಇಲ್ಲಿಯವರೆಗೆ ಸುಮ್ಮನೆ ಬಂದ ಮೀನು ಬೋಟ್ ಕಂಡೊಡನೆ ಮತ್ತೆ ಸಾವಿರ ಅಡಿ ಇಳಿಯಬಹುದು.

ಈಟಿ ಎಸೆಯುವ ಮೊದಲೇ ಅಳತೆ ಅಂದಾಜಾಗಬೇಕು: ಕೆಳದವಡೆಯ ತುದಿಯಿಂದ ಬಾಲದ ಕವಲಿನವರೆಗೆ ಕನಿಷ್ಠ 47 ಇಂಚು. ಅನುಮಾನವಿದ್ದರೆ ನೀರಿನಲ್ಲೇ ಬಿಟ್ಟುಬಿಡಿ. ಚಾರ್ಟರ್‌ನಲ್ಲಿ ಹಣ ಕೊಟ್ಟ ಪ್ರತಿಯೊಬ್ಬರಿಗೆ ಒಂದು, ಇಡೀ ಬೋಟಿಗೆ ಹೆಚ್ಚೆಂದರೆ ಆರು, ಹಿಡಿದದ್ದನ್ನು 24 ಗಂಟೆಯೊಳಗೆ ವರದಿ ಮಾಡಬೇಕು. ಈಟಿ ತಲೆಯ ಹಿಂದಿನ ದಪ್ಪ ಮಾಂಸಕ್ಕೆ ಬೀಳಬೇಕು, ಹೊಟ್ಟೆಗೆ ಬಿದ್ದರೆ ಕಿತ್ತುಬರುತ್ತದೆ. ಆಮೇಲೆ ಗ್ಯಾಫ್ ಕೊಕ್ಕೆ. ಒಳಗೆ ಬಂದ ಮೀನಿನ ಕತ್ತಿ ಬೀಸುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು.

ಕಿವಿರು ಕತ್ತರಿಸಿ ರಕ್ತ ಹರಿಸಿ, ಕರುಳು ತೆಗೆದು, ಹೊಟ್ಟೆಯೊಳಗೂ ಐಸ್ ತುಂಬಿಸಿ. ದಪ್ಪ ಮೀನು, ಹೊರಗಷ್ಟೇ ಐಸ್ ಇಟ್ಟರೆ ಮೂಳೆಯ ಹತ್ತಿರ ಬೆಚ್ಚಗೇ ಉಳಿಯುತ್ತದೆ. ಮಾಂಸ ಕಿತ್ತಳೆ ಬಣ್ಣಕ್ಕಿದ್ದರೆ ಹೆದರಬೇಡಿ, ಸಿಗಡಿ ತಿಂದ ಮೀನು, ರುಚಿ ಹೆಚ್ಚು. ಕಪ್ಪು ರಕ್ತದ ಪಟ್ಟಿ ತೆಗೆದು ಇಂಚು ದಪ್ಪದ ತುಂಡು ಮಾಡಿದರೆ ಅಂಜಲ್ ತವಾ ಫ್ರೈಯ ಮಸಾಲೆ ಇದಕ್ಕೂ ಚೆನ್ನಾಗಿ ಹಿಡಿಯುತ್ತದೆ. ಪಾದರಸ ಜಾಸ್ತಿ ಇರುವ ಮೀನಾದ್ದರಿಂದ ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಬೇಡ. ಅದೇ ಆಳದಲ್ಲಿ ಎಸ್ಕೊಲಾರ್ ಎಂಬ ಕಪ್ಪು ಮೀನೂ ಗಾಳಕ್ಕೆ ಬೀಳುತ್ತದೆ. ಬೆಣ್ಣೆಯಂಥ ರುಚಿ, ಆದರೆ ಅದರ ಮೇಣದಂಥ ಎಣ್ಣೆ ನಮಗೆ ಜೀರ್ಣವಾಗುವುದಿಲ್ಲ. ತಟ್ಟೆ ತುಂಬ ತಿಂದವರು ಮರುದಿನ ರಜೆ ಹಾಕಬೇಕಾಗುತ್ತದೆ.