ಅಮೆರಿಕದಲ್ಲಿ ಮನೆ ತಗೊಳೋ ಮುಂಚೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳ್ಕೊಳಿ

ಮೊನ್ನೆ ನಮ್ಮ ಪಕ್ಕದ್ಮನೆ ಹುಡ್ಗ ನ್ಯೂಜೆರ್ಸಿಯಿಂದ ಫೋನ್ ಮಾಡಿದ್ದ. ಅಂಕಲ್, ಎಡಿಸನ್ ಹತ್ರ ಒಂದು ಮನೆ ನೋಡಿದೀವಿ, ಹಿತ್ತಲಲ್ಲೇ ಸಣ್ಣ ಹಳ್ಳ ಹರಿಯುತ್ತೆ, ಸಖತ್ತಾಗಿದೆ ಅಂದ. ನನಗೆ ಎದೆ ಝಲ್ ಅಂತು. ನಾನು ಮಂಡ್ಯದೋನು, ನ್ಯೂಜೆರ್ಸಿಲಿ 11 ವರ್ಷ ಇದ್ದು ಈಗ ಮೈಸೂರಲ್ಲಿ ಸೆಟ್ಲ್ ಆಗಿದೀನಿ, ಆ ಥರದ ಹಳ್ಳದ ಬಗ್ಗೆ ನನಗೆ ಚೆನ್ನಾಗಿ ಗೊತ್ತು.

ನಮ್ ಕಡೆ ಆದ್ರೆ ಕೆಆರ್‌ಎಸ್ 124.80 ಅಡಿ ಮುಟ್ಟಿ ಗೇಟ್ ತೆಗೆದ್ರು ಅಂದ್ರೆ ಊರಿಗೆಲ್ಲ ಗೊತ್ತಾಗುತ್ತೆ, ನದಿ ಪಾತ್ರದೋರು ಹುಷಾರು ಅಂತ ಹೇಳ್ತಾರೆ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಕಡೆ ಜನನ ಬಿಡಲ್ಲ, ಆ ಕಡೆ ಕಬಿನಿಯಿಂದ ಜಾಸ್ತಿ ಬಿಟ್ರೆ ನಂಜನಗೂಡು ರೋಡು ಮಲ್ಲನಮೂಲೆ ಮಠದ ಹತ್ರ ಮುಳುಗುತ್ತೆ ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು. ಅಮೆರಿಕದಲ್ಲಿ ನೀವು ಹೊಸಬ್ರು, ಯಾವ ಬೀದಿಗೆ ನೀರು ಬಂದಿತ್ತು ಅಂತ ಹೇಳೋ ಅಜ್ಜಿ ಪಕ್ಕದಲ್ಲಿ ಇರಲ್ಲ. ಅಲ್ಲಿ ಆ ಅಜ್ಜಿ ಕೆಲಸನ ಕಾಗದಪತ್ರ ಮಾಡುತ್ತೆ, ಆದ್ರೆ ನೀವು ಹೋಗಿ ಕೇಳಬೇಕು.

ಸಿಸ್ಟಮ್ ಹೆಂಗಿದೆ ಅಂದ್ರೆ, 1968ರಲ್ಲಿ ಕೇಂದ್ರ ಸರ್ಕಾರ ಫ್ಲಡ್ ಇನ್ಶೂರೆನ್ಸ್ ಯೋಜನೆ ಶುರು ಮಾಡ್ತು, ಅದನ್ನ ಈಗ ಫೀಮಾ, ಅಂದ್ರೆ ವಿಪತ್ತು ನೋಡ್ಕೊಳೋ ಕೇಂದ್ರ ಸಂಸ್ಥೆ, ನಡೆಸುತ್ತೆ, ಎಲ್ಲಿಗೆ ನೀರು ಬರಬಹುದು ಅನ್ನೋ ನಕ್ಷೆನೂ ಅವ್ರದ್ದೇ. ಆದ್ರೆ ಎಲ್ಲಿ ಮನೆ ಕಟ್ಟಬಹುದು, ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನೋ ಕಾನೂನು ಜಾರಿ ಮಾಡೋದು ಟೌನ್‌ನೋರು, ಅವ್ರ ಮೇಲೆ ರಾಜ್ಯ ಸರ್ಕಾರ. ಪ್ರತಿ ರಾಜ್ಯದಲ್ಲೂ ಈ ಯೋಜನೆಗೆ ಒಬ್ರು ಕೋಆರ್ಡಿನೇಟರ್ ಇರ್ತಾರೆ. ಟೌನ್‌ಹಾಲ್‌ನಲ್ಲಿ ಫ್ಲಡ್‌ಪ್ಲೇನ್ ಅಡ್ಮಿನಿಸ್ಟ್ರೇಟರ್ ಅಂತ, ನೀರು ಬರೋ ಜಾಗದಲ್ಲಿ ಕಟ್ಟೋ ಕಾನೂನು ನೋಡ್ಕೊಳೋರು, ಇರ್ತಾರೆ, ಎಷ್ಟೋ ಕಡೆ ಬಿಲ್ಡಿಂಗ್ ಇನ್‌ಸ್ಪೆಕ್ಟರೇ ಅದನ್ನೂ ನೋಡ್ಕೋತಾರೆ. ನಿಮಗೆ ಬೇಕಾಗಿರೋ ಮನುಷ್ಯ ಇವ್ರೇ, ಏಜೆಂಟ್ ಅಲ್ಲ.

ನಕ್ಷೆಲಿ ಎ, ಎಇ, ವಿಇ ಅಂತಿದ್ರೆ ಅಪಾಯದ ಜಾಗ. ಇದನ್ನ ನೂರು ವರ್ಷದ ಪ್ರವಾಹ ಅಂತ ಕರೆಯೋದ್ರಿಂದ ಜನ ಮೋಸ ಹೋಗ್ತಾರೆ, ನೂರು ವರ್ಷಕ್ಕೊಂದ್ಸಲ ಬರುತ್ತೆ ಅಂತಲ್ಲ ಅದು, ಪ್ರತಿ ವರ್ಷನೂ 1% ಚಾನ್ಸ್ ಇದೆ ಅಂತ, ಅಂದ್ರೆ 30 ವರ್ಷದ ಲೋನ್ ತೀರೋದ್ರೊಳಗೆ ಒಂದ್ಸಲನಾದ್ರೂ ನೀರು ಬರೋ ಸಾಧ್ಯತೆ ಹತ್ರ ಹತ್ರ 26%. ಇಂಥ ಅಪಾಯದ ಜಾಗದಲ್ಲಿ ಲೋನ್ ಮಾಡಿ ಮನೆ ತಗೊಂಡ್ರೆ ಬ್ಯಾಂಕೇ ಫ್ಲಡ್ ಇನ್ಶೂರೆನ್ಸ್ ಕಡ್ಡಾಯ ಅನ್ನುತ್ತೆ. ಎಕ್ಸ್ ಝೋನ್, ಅಂದ್ರೆ ಅಪಾಯ ಕಮ್ಮಿ ಇರೋ ಜಾಗ, ಅಂತಿದ್ರೆ ಬ್ಯಾಂಕ್ ಸಾಮಾನ್ಯವಾಗಿ ಕೇಳಲ್ಲ, ನಾವೂ ನಿರಾಳ ಅನ್ಕೋತೀವಿ.

ಅಲ್ಲಿ ನನ್ನ ಮನೆ ಇದ್ದಿದ್ದೂ ಎಕ್ಸ್ ಝೋನಲ್ಲೇ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಬಾಲ ನ್ಯೂಜೆರ್ಸಿ ಮೇಲೆ ಸುರೀತಲ್ಲ, ಬೇಸ್‌ಮೆಂಟಲ್ಲಿ ಸೊಂಟದವರೆಗೆ ನೀರು. ಅಮ್ಮ ಊರಿಂದ ತಂದಿದ್ದ ಒಬ್ಬಟ್ಟಿನ ಕಲ್ಲು, ಮಕ್ಕಳ ಪುಸ್ತಕ, ಹೀಟರ್, ಎಲ್ಲಾ ಹೋಯ್ತು. ಇನ್ಶೂರೆನ್ಸ್‌ನೋರಿಗೆ ಫೋನ್ ಮಾಡಿದ್ರೆ ಇದು ಹೋಮ್ ಇನ್ಶೂರೆನ್ಸ್ ಸಾರ್, ಹೊರಗಿಂದ ಬಂದ ನೀರಿಗೆ ಕವರ್ ಇಲ್ಲ ಅಂದ್ರು. ಪಾಲಿಸಿ ತೆಗೆದು ಓದಿದ್ರೆ ಹೌದು, ಬರ್ದಿತ್ತು, ನಾನೇ ಓದಿರ್ಲಿಲ್ಲ.

ಅದಕ್ಕೇ ಬೇರೆ ಪಾಲಿಸಿ ತಗೋಬೇಕು. ಸರ್ಕಾರದ ಪಾಲಿಸಿಲಿ ಮನೆಗೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000. ಬೇಸ್‌ಮೆಂಟಿಗೆ ಕವರ್ ತುಂಬಾ ಕಮ್ಮಿ, ಹೀಟರ್ ಥರದ್ದು ಕೊಡ್ತಾರೆ, ಕಾರ್ಪೆಟ್ಟು ಸೋಫಾ ಟಿವಿ ಕೊಡಲ್ಲ. ಮಳೆ ಸುದ್ದಿ ಬಂದ್ಮೇಲೆ ಓಡೋಗಿ ತಗೊಂಡ್ರೆ ಪ್ರಯೋಜನ ಇಲ್ಲ, ಸಾಮಾನ್ಯವಾಗಿ 30 ದಿನ ಕಾಯ್ಬೇಕು, ಲೋನ್‌ಗೋಸ್ಕರ ಕ್ಲೋಸಿಂಗ್ ಟೈಮಲ್ಲಿ, ಅಂದ್ರೆ ಮನೆ ಕೈಗೆ ಬರೋ ಕೊನೇ ಹಂತದಲ್ಲಿ, ತಗೊಂಡ್ರೆ ಮಾತ್ರ ಆ ಕಾಯೋದಿಲ್ಲ. ನಿಮ್ಮ ಟೌನ್ ಕಮ್ಯುನಿಟಿ ರೇಟಿಂಗ್ ಅನ್ನೋ ಯೋಜನೆಲಿ ಸೇರಿ ಪ್ರವಾಹದ ಅಪಾಯ ಕಮ್ಮಿ ಮಾಡೋ ಕೆಲಸ ಮಾಡಿದ್ರೆ ಪ್ರೀಮಿಯಂನಲ್ಲಿ 5ರಿಂದ 45% ತನಕ ಡಿಸ್ಕೌಂಟ್ ಇದೆ, ಅದನ್ನೂ ಕೇಳಿ.

ಈಗ ರಾಜ್ಯದ ವಿಷಯ, ಇಲ್ಲೇ ರಾಜ್ಯ ರಾಜ್ಯಕ್ಕೆ ಅಜಗಜಾಂತರ. ನ್ಯೂಜೆರ್ಸಿಲಿ 2024ರ ಮಾರ್ಚ್‌ನಿಂದ ಮನೆ ಮಾರೋರು, ಬಾಡಿಗೆಗೆ ಕೊಡೋರು ಕೂಡ, ಹಿಂದೆ ನೀರು ನುಗ್ಗಿತ್ತಾ ಅಂತ ಬರೆದು ಕೊಡಲೇಬೇಕು. ನಾನು ತಗೊಂಡಾಗ ಇದಿರ್ಲಿಲ್ಲ ನೋಡಿ. 2023ರಲ್ಲಿ ಹೊಳೆ ಪಕ್ಕ ಕಟ್ಟೋ ಹೊಸ ಮನೆಗಳ ಎತ್ತರದ ಲೆಕ್ಕನ 2 ಅಡಿ ಏರಿಸಿದ್ರು. ಇನ್ನು ಬ್ಲೂ ಏಕರ್ಸ್ ಅಂತ 1995ರಿಂದ ಒಂದು ಯೋಜನೆ ಇದೆ, ಪದೇ ಪದೇ ಮುಳುಗೋ ಮನೆನ ಮಾಲೀಕರು ಒಪ್ಪಿದ್ರೆ ರಾಜ್ಯವೇ ಕೊಂಡ್ಕೊಂಡು, ಕೆಡವಿ, ಆ ಜಾಗನ ನೀರಿಗೆ ಬಿಟ್ಬಿಡುತ್ತೆ. ರಾರಿಟನ್ ನದಿ ಪಕ್ಕದ ಮ್ಯಾನ್‌ವಿಲ್‌ಗೆ ಹೋದ್ರೆ ಸಾಲು ಮನೆ ಮಧ್ಯೆ ಹಲ್ಲು ಬಿದ್ದಂಗೆ ಖಾಲಿ ಸೈಟು ಕಾಣುತ್ತೆ. ಅಂಥ ಖಾಲಿ ಸೈಟಿನ ಪಕ್ಕದ ಮನೆ ಅಗ್ಗಕ್ಕೆ ಸಿಗ್ತಿದ್ರೆ ಯಾಕೆ ಅಂತ ಯೋಚ್ನೆ ಮಾಡಿ.

ಟೆಕ್ಸಾಸ್‌ನೋರು 2017ರ ಹಾರ್ವಿ ಚಂಡಮಾರುತ ಆದ್ಮೇಲೆ ಎಚ್ಚೆತ್ಕೊಂಡ್ರು, ರಾಜ್ಯನ ನದಿ ಕಣಿವೆ ಪ್ರಕಾರ 15 ಭಾಗ ಮಾಡಿ 2024ರಲ್ಲಿ ಮೊದಲ್ನೇ ರಾಜ್ಯ ಪ್ರವಾಹ ಯೋಜನೆ ತಂದ್ರು. ಹ್ಯೂಸ್ಟನ್‌ನಲ್ಲಿರೋರು ಒಂದು ಗಮನಿಸಿ, ಅಲ್ಲಿ ಆಡಿಕ್ಸ್, ಬಾರ್ಕರ್ ಅಂತ ಎರಡು ಡ್ಯಾಮ್, ಮಾಮೂಲಿ ದಿನ ಒಣಗಿರುತ್ತೆ, ಆದ್ರೆ ಹಿನ್ನೀರು ಬರೋ ಜಾಗದಲ್ಲೇ ಸಾವಿರಾರು ಮನೆ ಕಟ್ಟಿ ಮಾರಿದ್ರು, ಹಾರ್ವಿಲಿ ಡ್ಯಾಮ್ ತುಂಬಿ ಅವುಗಳಲ್ಲಿ ಎಷ್ಟೋ ಮುಳುಗಿದ್ವು. ಕೆಆರ್‌ಎಸ್ ಹಿನ್ನೀರು ಇಳಿದಿರೋ ಬೇಸಿಗೆಲಿ ಅಲ್ಲೇ ಲೇಔಟ್ ಮಾಡಿ ಮಾರಿದಂಗೆ! ನಾರ್ತ್ ಕ್ಯಾರೊಲಿನಾ ಮಾತ್ರ 1999ರ ಫ್ಲಾಯ್ಡ್ ಚಂಡಮಾರುತದ ಹೊಡೆತ ತಿಂದ್ಮೇಲೆ ನಕ್ಷೆ ಮಾಡೋ ಕೆಲಸನ ರಾಜ್ಯವೇ ಕೈಗೆ ತಗೊಳ್ತು, ಅಲ್ಲಿರೋರು ಪುಣ್ಯವಂತರು.

ಇನ್ನೊಂದು, ಹಳೇ ಮನೆ ತಗೊಂಡು ದೊಡ್ಡದಾಗಿ ರಿಪೇರಿ ಮಾಡ್ಸೋ ಆಸೆ ನಮ್ಮೋರಿಗೆ ಜಾಸ್ತಿ. ಅಪಾಯದ ಝೋನಲ್ಲಿ ಖರ್ಚು ಮನೆ ಕಟ್ಟಡದ ಬೆಲೆಯ 50% ಮುಟ್ಟಿದ್ರೆ ಇಡೀ ಮನೆನೇ ಈಗಿನ ಕಾನೂನಿನ ಎತ್ತರಕ್ಕೆ ಏರಿಸ್ಬೇಕಾಗುತ್ತೆ. ಕಿಚನ್ ಮಾಡ್ಸೋಕೆ ಹೋಗಿ ಮನೆನೇ ಜಾಕ್ ಮೇಲೆ ಎತ್ತೋ ಪರಿಸ್ಥಿತಿ.

ಹುಡ್ಗನಿಗೆ ನಾನು ಹೇಳಿದ್ದು ಇಷ್ಟೇ, ನಾಳೆನೇ ಟೌನ್‌ಹಾಲ್‌ಗೆ ಫೋನ್ ಹಾಕಪ್ಪ, ಈ ಮನೆಗೆ ಎಲಿವೇಶನ್ ಸರ್ಟಿಫಿಕೇಟ್, ಅಂದ್ರೆ ಮನೆ ಎಷ್ಟು ಎತ್ತರದಲ್ಲಿದೆ ಅನ್ನೋ ಕಾಗದ, ಇದ್ಯಾ, ಐಡಾದಲ್ಲಿ ಈ ಬೀದಿಗೆ ನೀರು ಬಂದಿತ್ತಾ ಅಂತ ಕೇಳು, ಎದುರುಮನೆಯೋರನ್ನೂ ಮಾತಾಡ್ಸು. ಎರಡು ದಿನ ಬಿಟ್ಟು ಫೋನ್ ಬಂತು, ಎದುರುಮನೆ ಮುದುಕಪ್ಪ ಗ್ಯಾರೇಜ್ ಗೋಡೆ ಮೇಲೆ ನೀರು ನಿಂತಿದ್ದ ಗುರುತು ತೋರ್ಸಿದ್ರಂತೆ. ಈಗ ಸ್ವಲ್ಪ ದಿಬ್ಬದ ಮೇಲೆ ಇನ್ನೊಂದು ಮನೆ ನೋಡ್ತಿದಾನೆ, ಅದಕ್ಕೆ ಬೇಸ್‌ಮೆಂಟೇ ಇಲ್ಲ, ಅವನ ಹೆಂಡ್ತಿ ಅದಕ್ಕಿನ್ನೂ ಒಪ್ಪಿಲ್ಲ.